ಮಗು ತಾಯಿಯ ಪಕ್ಕದಲ್ಲೇ ಮಲಗುವುದಾದರೆ ಹಾಸಿಗೆ ಹೇಗಿರಬೇಕು

ಕೋಲಾರ, ಚಿಕ್ಕಬಳ್ಳಾಪುರ ಕಡೆ ಬಾಣಂತನ ಅಂದರೆ ಮಗು ತಾಯಿಯ ಮಗ್ಗುಲಲ್ಲೇ. ಮಕ್ಕಳ ವೈದ್ಯರು ಹೇಳುವುದು ಸ್ವಲ್ಪ ಬೇರೆ: ಮೊದಲ 6 ತಿಂಗಳಾದರೂ ಮಗು ತಾಯಿಯ ಕೋಣೆಯಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಇರಲಿ, ಆದರೆ ಮಲಗುವ ಜಾಗ ಬೇರೆ ಇರಲಿ. ಗಟ್ಟಿಯಾದ, ಸಮತಟ್ಟಾದ ತಳದ ತೊಟ್ಟಿಲು ಪಕ್ಕದಲ್ಲಿದ್ದರೆ ಅದೇ ಎಲ್ಲಕ್ಕಿಂತ ಕ್ಷೇಮ.

ಆದರೂ ನಡುರಾತ್ರಿ ಹಾಲೂಡಿಸುವಾಗ ತಾಯಿಗೆ ಕಣ್ಣು ಹತ್ತಿಯೇ ಹತ್ತುತ್ತದೆ. ನಿದ್ದೆ ಬಂದೀತೆಂದು ಹೆದರಿ ಸೋಫಾ ಮೇಲೆ ಕೂತು ಹಾಲು ಕೊಡುವವರಿದ್ದಾರೆ. ದಯವಿಟ್ಟು ಬೇಡ. ಅಲ್ಲಿ ತೂಕಡಿಸಿದರೆ ಮಗು ಜಾರಿ ಕುಷನ್ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗಿಂತ ಅದು ಎಷ್ಟೋ ಪಾಲು ಅಪಾಯ. ಅದಕ್ಕೇ ಹಾಸಿಗೆಯನ್ನು ಸಂಜೆಯೇ ಸರಿಮಾಡಿಡಿ.

ಬೂರುಗದ ಹತ್ತಿಯ ಮೆತ್ತನೆ ಹಾಸಿಗೆ ಮಗುವಿಗೆ ಆಗದು. ಅಂಗೈ ಊರಿ ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ಆ ಹಾಸಿಗೆ ಬೇಡ. ಆ ಗುಳಿಯಲ್ಲಿ ಮುಖ ಹೂತರೆ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ತಲೆ ಎತ್ತಿ ಪಾರಾಗುವ ಬಲ ಅದಕ್ಕಿನ್ನೂ ಬಂದಿರುವುದಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನ, ಸುಕ್ಕಿಲ್ಲದಂತೆ ಎಳೆದು ಸಿಕ್ಕಿಸಿದ ಹತ್ತಿ ಬಟ್ಟೆ: ನಮ್ಮ ಮನೆಗಳ ಈ ಹಳೇ ಪದ್ಧತಿ ನಿಜಕ್ಕೂ ಒಳ್ಳೆಯದು. ಮಂಚವಾದರೆ ಗೋಡೆಗೂ ಹಾಸಿಗೆಗೂ ನಡುವಿನ ಸಂದು ನೋಡಿ. ಸಂದಿಗೆ ದಿಂಬು ತುರುಕಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಮಂಚವನ್ನೇ ದೂರ ಸರಿಸಿ, ಇಲ್ಲವೇ ಹಾಸಿಗೆಯನ್ನು ನೆಲಕ್ಕೆ ಇಳಿಸಿ.

ಮಗು ಅಂಗಾತ ಮಲಗಬೇಕು, ಪ್ರತಿ ಸಲವೂ. ಕಕ್ಕಿದ ಹಾಲು ಉಸಿರಿನ ದಾರಿಗೆ ಹೋದೀತೆಂದು ಅಜ್ಜಿಯರು ಮಗ್ಗುಲಾಗಿ ಮಲಗಿಸುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಹಾಲು ಮೇಲಕ್ಕೇರಿ ಒಳಹೋಗುವುದು ಕಷ್ಟ. ಬೋರಲಾದಾಗಲೇ ಅನ್ನನಾಳ ಮೇಲೆ ಬರುತ್ತದೆ. ಮಗ್ಗುಲಾದ ಕೂಸು ಉರುಳಿ ಬೋರಲಾಗುವುದು ಸುಲಭ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬನ್ನೂ ತೆಗೆದಿಡಿ. ಗಲ್ಲ ಎದೆಗೆ ಬಾಗಿದರೆ ಎಳೆಗೂಸಿನ ಉಸಿರಿನ ದಾರಿ ಕಿರಿದಾಗುತ್ತದೆ. ಸೀರೆ ಜೋಲಿಯಲ್ಲೂ ಇದೇ ತೊಂದರೆ, ರಾತ್ರಿಯಿಡೀ ಅದರಲ್ಲಿ ಬಿಡಬೇಡಿ.

ತಾಯಿ ಮಗುವಿನ ಕಡೆ ಮಗ್ಗುಲಾಗಿ, ಮಂಡಿ ಮಡಿಸಿ, ಕೆಳಗಿನ ತೋಳನ್ನು ಮಗುವಿನ ತಲೆಯ ಮೇಲ್ಗಡೆ ಚಾಚಿ ಮಲಗಲಿ. ಮಗುವಿನ ಮುಖ ಎದೆಯ ಮಟ್ಟಕ್ಕಿರಲಿ, ತಾಯಿಯ ದಿಂಬಿನ ಹತ್ತಿರ ಬೇಡ. ಹಾಲು ಕುಡಿದ ಮೇಲೆ ಮತ್ತೆ ಅಂಗಾತ. ಜಡೆ ಕಟ್ಟಿರಲಿ, ಉದ್ದ ಸರ ತೆಗೆದಿಡಿ. ದೊಡ್ಡ ಮಗು ತಾಯಿಯ ಆಚೆ ಪಕ್ಕಕ್ಕೆ.

ಡಿಸೆಂಬರ್ ಚಳಿಗೆ ರಗ್ಗು ಕಂಬಳಿ ಬೇಕೇ ಬೇಕು, ಆದರೆ ತಾಯಿಗೆ ಸೊಂಟದವರೆಗೆ ಮಾತ್ರ. ಮಗುವಿಗೆ ನೀವು ಹಾಕಿದ್ದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು. ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ವೈದ್ಯರು ಬೇರೆ ಹೇಳದಿದ್ದರೆ ನಿದ್ದೆಯಲ್ಲಿ ಕುಲಾವಿ ಬೇಡ, ಕಣ್ಣಿನ ಮೇಲೆ ಜಾರುತ್ತದೆ, ಕಾವು ಹೊರಹೋಗಲೂ ಬಿಡುವುದಿಲ್ಲ. ಬಾಗಿಲು ಹಾಕಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ.

ಹಾಸಿಗೆ ಎಷ್ಟೇ ಸರಿಯಿದ್ದರೂ ಕೆಲವು ಮನೆಗಳಲ್ಲಿ ಮಗುವನ್ನು ಪಕ್ಕಕ್ಕೆ ಹಾಕಿಕೊಳ್ಳಲೇಬಾರದು. ಅದೇ ಹಾಸಿಗೆಯಲ್ಲಿ ಮಲಗುವವರು ಬೀಡಿ ಸಿಗರೇಟು ಸೇದುವವರಾದರೆ (ಹೊರಗೆ ಸೇದಿ ಬಂದರೂ ಅಷ್ಟೇ), ಕುಡಿದಿದ್ದರೆ, ನಿದ್ದೆ ಬರಿಸುವ ಶೀತದ ಮಾತ್ರೆ ನುಂಗಿದ್ದರೆ, ಮಗು 37 ವಾರಕ್ಕೆ ಮುಂಚೆ ಹುಟ್ಟಿದ್ದರೆ, ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ. ಮೊದಲ 4 ತಿಂಗಳಲ್ಲಂತೂ ಅಪಾಯ ಹೆಚ್ಚು. ಹುಟ್ಟಿದ ತೂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವನ್ನು ತೂಗಿದ ಮೇಲೆ ಅವರನ್ನು ಒಳಗೆ ಕರೆದು ಮಗು ಮಲಗುವ ಜಾಗ ತೋರಿಸಿ.