ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು?

ದಾವಣಗೆರೆಯ ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಆದಮೇಲೆ ಒಬ್ಬ ಹುಡುಗನೋ ಹುಡುಗಿಯೋ ಮೈಕ್ ಮುಂದೆ ಬಂದು ಒಂದು ಸುಭಾಷಿತ ಹೇಳಬೇಕು. ಅದರ ಉಸ್ತುವಾರಿ ನನ್ನದು. ಮಕ್ಕಳು ಅದನ್ನು ಎಲ್ಲಿಂದ ತರುತ್ತಾರೆ ಅಂತ ನಿಮಗೂ ಗೊತ್ತು. ಅಪ್ಪನ ಮೊಬೈಲಿನಿಂದ. ಬುದ್ಧನ ಚಿತ್ರ, ಕೆಳಗೆ ಒಂದು ಸಾಲು. ವಿವೇಕಾನಂದರ ಚಿತ್ರ, ಕೆಳಗೆ ಒಂದು ಸಾಲು. ಎಷ್ಟೋ ಸಲ ಒಂದೇ ಸಾಲು ಈ ವಾರ ಚಾಣಕ್ಯನ ಹೆಸರಿನಲ್ಲಿ ಬರುತ್ತದೆ, ಮುಂದಿನ ವಾರ ಅಬ್ದುಲ್ ಕಲಾಂ ಹೆಸರಿನಲ್ಲಿ ಬರುತ್ತದೆ. ಮಕ್ಕಳು ಚೆನ್ನಾಗಿಯೇ ಹೇಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮೊದಲ ಪಿರಿಯಡ್ ಬೆಲ್ ಹೊಡೆಯುವಷ್ಟರಲ್ಲಿ ಅದು ಯಾರ ತಲೆಯಲ್ಲೂ ಇರುವುದಿಲ್ಲ.

ನನಗೆ ಇಂಥ ಮಾತುಗಳೆಂದರೆ ನಿಜಕ್ಕೂ ಪ್ರೀತಿ. ಕಷ್ಟದ ದಿನಗಳಲ್ಲಿ ಒಂದೊಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿದೆ. ಅದಕ್ಕೇ ಈ ವಿಷಯ ಬರೀತಾ ಇದ್ದೇನೆ. ದೊಡ್ಡವರ ಮಾತನ್ನು ಅದು ಹುಟ್ಟಿದ ಜಾಗದಿಂದ ಕಿತ್ತು ತಂದರೆ ಒಗ್ಗರಣೆ ಹಾಕದ ಮಂಡಕ್ಕಿ ತಿಂದ ಹಾಗೆ, ಬಾಯಿ ತುಂಬುತ್ತದೆ ಅಷ್ಟೇ. ಯಾರು ಹೇಳಿದರು, ಯಾರಿಗೆ ಹೇಳಿದರು, ಆಗ ಅವರ ಬದುಕಿನಲ್ಲಿ ಏನು ನಡೀತಿತ್ತು, ಈ ಮೂರು ಗೊತ್ತಾದರೆ ಅದೇ ಮಾತು ಬೇರೆಯೇ ಆಗಿ ಕೇಳಿಸುತ್ತದೆ.

ಇದನ್ನು ಮಕ್ಕಳಿಗೆ ತೋರಿಸೋಕೆ ನಾನು ಯಾವಾಗಲೂ ಶುರು ಮಾಡುವುದು ನಮ್ಮ ಪಕ್ಕದ ಜಿಲ್ಲೆಯಿಂದಲೇ. ಚಿತ್ರದುರ್ಗ ಅಂದರೆ ಎಲ್ಲರಿಗೂ ಏಳುಸುತ್ತಿನ ಕೋಟೆ, ಓಬವ್ವನ ಕಿಂಡಿ ನೆನಪಾಗುತ್ತೆ. ಆದರೆ ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ಬ್ರಹ್ಮಗಿರಿ ಇದೆ. ಅಲ್ಲಿ ಒಂದು ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಮಾತುಗಳನ್ನು ಕೊರೆದಿದ್ದಾರೆ. ಜನ ಅದನ್ನು ಅಕ್ಷರ ಗುಂಡು ಅಂತ ಕರೆಯುತ್ತಿದ್ದರು. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇನ್ನೊಂದು, ಇಂಥದೇ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಮಾತು, ನಮ್ಮ ಊರಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ನೋಡಿ ಬರಬಹುದಾದಷ್ಟು ಹತ್ತಿರ!

ಅದರಲ್ಲಿ ಏನಿದೆ? ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಇಷ್ಟೇ. ಇದು ಹಿಂದಿನಿಂದ ಬಂದ ನಡತೆ, ಇದರಿಂದ ಆಯಸ್ಸು ಹೆಚ್ಚುತ್ತದೆ ಅಂತಲೂ ಇದೆ. ಇಷ್ಟನ್ನು ಮಾತ್ರ ಮೈಕ್‌ನಲ್ಲಿ ಹೇಳಿಸಿದರೆ ಒಂಬತ್ತನೇ ಕ್ಲಾಸಿನ ಮಕ್ಕಳು ಆಕಳಿಸುತ್ತಾರೆ. ಇದನ್ನು ಮನೆಯಲ್ಲಿ ಅಜ್ಜಿ ದಿನಾ ಹೇಳ್ತಾಳಲ್ಲ ಅಂತಾರೆ. ಸರಿಯಾದ ಮಾತೇ.

ಆದರೆ ಅದೇ ಬಂಡೆಯ ಮೇಲೆ ಇದಕ್ಕಿಂತ ಮೇಲಿನ ಸಾಲುಗಳನ್ನು ಓದಿ ಹೇಳಿದಾಗ ತರಗತಿ ಸುಮ್ಮನಾಗುತ್ತದೆ. ಶಾಸನ ಶುರುವಾಗುವುದು ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸುವುದರಿಂದ. ಆ ಇಸಿಲ ಬ್ರಹ್ಮಗಿರಿಯ ಹತ್ತಿರವೇ ಇತ್ತು ಅಂತ ವಿದ್ವಾಂಸರು ಗುರುತಿಸುತ್ತಾರೆ. ಆಮೇಲೆ ಚಕ್ರವರ್ತಿಯ ಮಾತು. ನಾನು ಉಪಾಸಕನಾಗಿ, ಅಂದರೆ ಮನೆಯಲ್ಲಿದ್ದೇ ಬುದ್ಧನ ದಾರಿ ಹಿಡಿದವನಾಗಿ, ಎರಡೂವರೆ ವರ್ಷಕ್ಕಿಂತ ಜಾಸ್ತಿ ಆಯಿತು, ಆದರೆ ಒಂದು ವರ್ಷ ನಾನು ಅಷ್ಟಾಗಿ ಶ್ರಮ ಹಾಕಲಿಲ್ಲ, ಈಗ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಹೋಗಿ ಚೆನ್ನಾಗಿ ಪ್ರಯತ್ನಪಡುತ್ತಿದ್ದೇನೆ ಎಂಬ ಅರ್ಥದ ಸಾಲುಗಳು ಅಲ್ಲಿವೆ. ಯೋಚನೆ ಮಾಡಿ. ದೇಶದ ಬಹುಪಾಲು ಆಳುತ್ತಿದ್ದ ಒಬ್ಬ ಮನುಷ್ಯ ತಾನು ಒಂದು ವರ್ಷ ಸುಮ್ನೆ ಕಳೆದೆ ಅನ್ನುವುದನ್ನು ತನ್ನ ರಾಜ್ಯದ ದಕ್ಷಿಣದ ತುದಿಯ ಬಂಡೆಯ ಮೇಲೆ ಕೊರೆಸುತ್ತಾನೆ! ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಚಿಕ್ಕವನೂ ಶ್ರಮಪಟ್ಟರೆ ದೊಡ್ಡ ಸ್ವರ್ಗವನ್ನೇ ಪಡೆಯಬಹುದು ಅಂತ.

ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ, "ಮಿಸ್, ಹಂಗಾದ್ರೆ ರಾಜನೂ ಹೋಂವರ್ಕ್ ಮಾಡ್ದೆ ಇದ್ದಂಗೆ ಅಲ್ವಾ?" ಅಂದಳು. ಇಡೀ ಕ್ಲಾಸು ನಕ್ಕಿತು. ಆದರೆ ಅವಳಿಗೆ ಅರ್ಥವಾಗಿತ್ತು. ಉಪದೇಶ ಮಾಡುವವನು ಮೊದಲು ತನ್ನ ಲೆಕ್ಕ ಕೊಟ್ಟಿದ್ದಾನೆ. ಅದಾದಮೇಲೆ ತಂದೆ ತಾಯಿಯ ಮಾತು ಕೇಳಿ ಅಂದರೆ ಕೇಳಬೇಕು ಅನ್ನಿಸುತ್ತದೆ.

ಇನ್ನೂ ಹಿಂದೆ ಹೋದರೆ ಕಳಿಂಗ ಯುದ್ಧ. ಪಟ್ಟವೇರಿ ಎಂಟು ವರ್ಷವಾದಾಗ ನಡೆದದ್ದು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಅದರ ಎಷ್ಟೋ ಪಟ್ಟು ಜನ ಬೇರೆ ರೀತಿಯಲ್ಲಿ ಸತ್ತರು ಅಂತ ಅವನ ಹದಿಮೂರನೇ ಶಿಲಾಶಾಸನವೇ ಹೇಳುತ್ತದೆ. ತನಗೆ ಇದರಿಂದ ಪಶ್ಚಾತ್ತಾಪವಾಗಿದೆ ಅಂತಲೂ ಅದರಲ್ಲಿದೆ. ವಿಚಿತ್ರ ಅಂದರೆ ಕಳಿಂಗದ ಧೌಳಿಯಲ್ಲಿ, ಜೌಗಡದಲ್ಲಿ ಆ ಹದಿಮೂರನೇ ಶಾಸನವನ್ನು ಹಾಕಿಸಿಲ್ಲ. ಯಾರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಲೆಕ್ಕವೂ ಅವನಿಗಿತ್ತು. ಇದನ್ನು ಮಕ್ಕಳಿಂದ ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಪ್ರಾಣಿಗಳ ಮೇಲೆ ದಯೆ ಇರಲಿ ಅಂತ ಹೇಳಿದ ಕೈಗೆ ರಕ್ತ ಅಂಟಿತ್ತು. ಗೊತ್ತಿದ್ದೇ ಆ ಮಾತನ್ನು ಓದಬೇಕು.

ಗಾಂಧೀಜಿಯ ಹೆಸರಿನಲ್ಲಿ ಓಡಾಡುವ ಒಂದು ಸಾಲಿದೆ. ಜಗತ್ತಿನಲ್ಲಿ ಯಾವ ಬದಲಾವಣೆ ಬಯಸುತ್ತೀಯೋ ಆ ಬದಲಾವಣೆ ನೀನೇ ಆಗು ಅಂತ. ಅವರ ಬರಹಗಳಲ್ಲಿ ಆ ಸಾಲು ಹಾಗೆ ಇಲ್ಲ. ಅದಕ್ಕೆ ಹತ್ತಿರದ ಮಾತು ಇರುವುದು 1913ರಲ್ಲಿ, ಅವರು ದಕ್ಷಿಣ ಆಫ್ರಿಕಾದಲ್ಲಿದ್ದಾಗ ತಮ್ಮ ಪತ್ರಿಕೆಗೆ ಬರೆದ ಆರೋಗ್ಯದ ಲೇಖನಮಾಲೆಯಲ್ಲಿ. ಅದೂ ಯಾವ ವಿಷಯದ ಲೇಖನ ಗೊತ್ತಾ? ಹಾವು ಕಡಿತ! ನಾವು ನಮ್ಮನ್ನು ಬದಲಿಸಿಕೊಂಡರೆ ಜಗತ್ತಿನ ಪ್ರವೃತ್ತಿಗಳೂ ಬದಲಾಗುತ್ತವೆ, ಬೇರೆಯವರು ಏನು ಮಾಡುತ್ತಾರೆ ಅಂತ ಕಾಯಬೇಕಾಗಿಲ್ಲ ಅಂತ ಅಲ್ಲಿ ಬರೆಯುತ್ತಾರೆ. ನಮ್ಮ ಕಡೆ ಮೆಕ್ಕೆಜೋಳದ ಹೊಲದಲ್ಲಿ ಹಾವು ಕಾಣುವುದು ಹೊಸದೇನಲ್ಲ. ಹಳ್ಳಿಯಿಂದ ಬಸ್ಸಿಗೆ ಬರುವ ಮಕ್ಕಳಿಗೆ ಈ ವಿಷಯ ಹೇಳಿದರೆ ಅವರ ಕಣ್ಣು ಅರಳುತ್ತದೆ. ಅಷ್ಟು ದೊಡ್ಡ ಮಾತು ಹುಟ್ಟಿದ್ದು ವೇದಿಕೆಯ ಮೇಲಲ್ಲ, ಹಾವಿಗೆ ಹೆದರುವ ಮನುಷ್ಯನ ಬಗ್ಗೆ ಬರೆಯುವಾಗ. (ಹಾವು ಕಚ್ಚಿದರೆ ಮಾತ್ರ ತಕ್ಷಣ ಆಸ್ಪತ್ರೆಗೇ ಹೋಗಬೇಕು, ಅದನ್ನೂ ಅವತ್ತೇ ಹೇಳಿಬಿಡುತ್ತೇನೆ.)

ಅಂಬೇಡ್ಕರ್ ಅವರದ್ದು ಇನ್ನೊಂದು ಬಗೆ. ಶಿಕ್ಷಣ, ಸಂಘಟನೆ, ಹೋರಾಟ ಅಂತ ಮೂರು ಪದ ನಮ್ಮ ಊರಿನ ಗೋಡೆಗಳ ಮೇಲೂ ಇದೆ. 1942ರ ಜುಲೈನಲ್ಲಿ ನಾಗಪುರದಲ್ಲಿ ನಡೆದ ಶೋಷಿತ ವರ್ಗಗಳ ಸಮ್ಮೇಳನದಲ್ಲಿ ಅವರು ಆ ಮಾತು ಹೇಳಿದರು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ ಅಂದರು. ನಮ್ಮ ಹೋರಾಟ ಹಣಕ್ಕಾಗಿಯೂ ಅಲ್ಲ, ಅಧಿಕಾರಕ್ಕಾಗಿಯೂ ಅಲ್ಲ, ಸ್ವಾತಂತ್ರ್ಯಕ್ಕಾಗಿ, ಮನುಷ್ಯನ ವ್ಯಕ್ತಿತ್ವವನ್ನು ಮರಳಿ ಪಡೆಯುವುದಕ್ಕಾಗಿ ಅಂದರು. ಗೋಡೆಯ ಮೇಲೆ ಮೂರು ಪದಕ್ಕೆ ಜಾಗ ಸಿಕ್ಕಿತು, ಯಾತಕ್ಕಾಗಿ ಅನ್ನುವ ಈ ಭಾಗ ಬಿಟ್ಟೇ ಹೋಯಿತು. ನನಗೆ ಇದು ತುಂಬಾ ನೋವು ಕೊಡುವ ವಿಷಯ.

ರೋಮ್ ದೇಶದ ಮಾರ್ಕಸ್ ಅರೇಲಿಯಸ್‌ನನ್ನು ಮಕ್ಕಳಿಗೆ ಪರಿಚಯಿಸುವುದು ಸುಲಭ. ಕ್ರಿಸ್ತಶಕ 161ರಿಂದ 180ರವರೆಗೆ ಆಳಿದ ಚಕ್ರವರ್ತಿ. ಯುದ್ಧ, ಸಾಂಕ್ರಾಮಿಕ ರೋಗ ಎರಡನ್ನೂ ಕಂಡವನು. ಅವನು ಬರೆದಿಟ್ಟದ್ದೆಲ್ಲ ತನಗೆ ತಾನೇ ಹೇಳಿಕೊಂಡ ಮಾತು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೆ ಮನಸ್ಸಾಗದಿದ್ದಾಗ, ಮನುಷ್ಯ ಮಾಡಬೇಕಾದ ಕೆಲಸಕ್ಕೆ ಏಳುತ್ತಿದ್ದೇನೆ ಅಂದುಕೋ ಅಂತ ತನಗೇ ಬುದ್ಧಿ ಹೇಳಿಕೊಳ್ಳುತ್ತಾನೆ. ಚಕ್ರವರ್ತಿಗೂ ಏಳೋಕೆ ಬೇಜಾರಾಗ್ತಿತ್ತು ಅಂದರೆ ಹಾಸ್ಟೆಲ್ ಮಕ್ಕಳಿಗೆ ಅವನು ತಮ್ಮವನೇ ಅನ್ನಿಸುತ್ತಾನೆ.

ನಿಜವಾಗಿ ಕಷ್ಟವಾಗಿದ್ದು ಬಸವಣ್ಣನವರ ವಚನದಲ್ಲಿ. "ಲೋಕದ ಡೊಂಕ ನೀವೇಕೆ ತಿದ್ದುವಿರಿ" ಎಲ್ಲರಿಗೂ ಬಾಯಿಪಾಠ. ಅದರ ಕೊನೆಯಲ್ಲಿ "ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ನಮ್ಮ ಕೂಡಲಸಂಗಮದೇವ" ಅಂತ ಬರುತ್ತದೆ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಪ್ರಾರ್ಥನೆ ಮುಗಿದಮೇಲೆ ನನ್ನ ಹತ್ತಿರ ಬಂದು, ಪಕ್ಕದ ಮನೆಯವರಿಗೆ ಕಷ್ಟ ಬಂದರೆ ಅಳಬಾರದಾ ಮಿಸ್, ಅಂತ ಕೇಳಿದ. ಎಂಥಾ ಒಳ್ಳೆ ಪ್ರಶ್ನೆ! ಅವತ್ತು ನಾವಿಬ್ಬರೂ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಜಾಸ್ತಿ ಹೊತ್ತು ಮಾತಾಡಿದೆವು. "ದಯವಿಲ್ಲದ ಧರ್ಮವದೇವುದಯ್ಯಾ" ಅಂತ ಕೇಳಿದವರೂ ಅವರೇ. ಎರಡೂ ಒಬ್ಬರದೇ ಮಾತು. ಅಂದಮೇಲೆ ಅಲ್ಲಿ ಅವರು ತಡೆಯುತ್ತಿರುವುದು ಕರುಣೆಯನ್ನಲ್ಲ. ತನ್ನ ಮನಸ್ಸನ್ನು ನೋಡಿಕೊಳ್ಳದೆ ಊರವರ ಮನೆಯ ದುಃಖವನ್ನು ಹೊತ್ತು ತಿರುಗುವ ಚಾಳಿಯನ್ನು. ಹೀಗಂತ ನಾನು ಓದಿಕೊಂಡಿದ್ದೇನೆ. ಹುಡುಗ ಪೂರ್ತಿ ಒಪ್ಪಲಿಲ್ಲ. ಒಪ್ಪದೆ ಇರುವುದೂ ಓದುವ ಒಂದು ರೀತಿಯೇ, ಅವನು ಇನ್ನೂ ನಾಲ್ಕು ವಚನ ಓದಿ ಬರಲಿ ಅಂತ ಪುಸ್ತಕ ಕೊಟ್ಟು ಕಳಿಸಿದೆ.

ಈಗ ನಮ್ಮಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಸುಭಾಷಿತ ಹೇಳುವವರು ಮಾತಿನ ಜೊತೆ ಯಾರು, ಯಾರಿಗೆ, ಯಾವಾಗ ಅನ್ನುವುದನ್ನು ಎರಡು ವಾಕ್ಯದಲ್ಲಿ ಹೇಳಬೇಕು. ಅದು ಸಿಗಲಿಲ್ಲ ಅಂದರೆ ಹೆಸರು ಹಾಕದೆ, ಯಾರೋ ಹಿರಿಯರು ಹೇಳಿದ್ದು ಅಂತ ಹೇಳಲಿ. ಮೊದಮೊದಲು ಮಕ್ಕಳು ಗೊಣಗಿದರು, ಲೈಬ್ರರಿಗೆ ಹೋಗಬೇಕಾಯಿತಲ್ಲ ಅಂತ. ಈಗ ಕೆಲವರು ಮನೆಯ ಅಜ್ಜ ಅಜ್ಜಿಯ ಮಾತನ್ನೂ ತರುತ್ತಾರೆ. ಬರಗಾಲದ ವರ್ಷ ಅಜ್ಜ ಹೇಳಿದ್ದು, ಮಿಲ್ಲು ಮುಚ್ಚಿದಾಗ ತಾತ ಹೇಳಿದ್ದು ಅಂತ. ಅವಕ್ಕೆ ಮೈಕ್ ಮುಂದೆ ಮೊದಲ ಜಾಗ ಕೊಡುತ್ತೇನೆ.

ಮಳೆಗಾಲ ಮುಗಿದಮೇಲೆ ಒಂಬತ್ತನೇ ಕ್ಲಾಸಿನವರನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಬೇಕು ಅಂತಿದೆ. ಶಾಸನದ ಕನ್ನಡ ಅನುವಾದವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಒಯ್ಯುತ್ತೇವೆ, ಅಲ್ಲೇ ಬಂಡೆಯ ಪಕ್ಕ ನಿಂತು ಓದಿಸುವುದಕ್ಕೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ಉಳಿದದ್ದೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೂ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಅವನು ಆಗಿನ ಭಾರತದ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದನ್ನು ಹುಡುಕುವ ಕೆಲಸ ಮಕ್ಕಳಿಗೇ ಬಿಡುತ್ತೇನೆ. ನಿಮ್ಮಲ್ಲಿ ಯಾರಾದರೂ ಶಾಲೆಯ ಮಕ್ಕಳ ಜೊತೆ ಆ ಕಡೆ ಹೋಗಿ ಬಂದಿದ್ದರೆ, ಊಟಕ್ಕೆ ಎಲ್ಲಿ ಕೂರಿಸಿದಿರಿ, ನೀರಿನ ವ್ಯವಸ್ಥೆ ಏನು ಮಾಡಿದಿರಿ, ದಯವಿಟ್ಟು ತಿಳಿಸಿ.