ಮುಂದಿನ ನಾಯಿ ನಿಂತರೆ

ಅಲಾಸ್ಕಾದಿಂದ ಊರಿಗೆ ಬಂದಾಗಲೆಲ್ಲ ಬಂಧುಗಳು ಕೇಳುವುದು ಒಂದೇ ಮಾತು: "ಹಿಮದ ಮೇಲೆ ಬಂಡಿ ಎಳೆಯುವ ಆ ನಾಯಿಗಳನ್ನು ಹೊಡೆದು ಓಡಿಸುತ್ತಾರಾ? ಅವುಗಳ ಹಿಂದೆ ನಿಂತು ನೀನು ಕಲಿತದ್ದಾದರೂ ಏನು?"

ಹೊಡೆಯುವ ಪ್ರಮೇಯವೇ ಬರುವುದಿಲ್ಲ. ಕಷ್ಟವೆಲ್ಲ ಇರುವುದು ನಿಲ್ಲಿಸುವುದರಲ್ಲಿ. ಬಂಡಿಯನ್ನು ಮರಕ್ಕೆ ಬಿಗಿದು, ಒಂದೊಂದು ಪಂಜಕ್ಕೂ ಬಟ್ಟೆಯ ಚೀಲ ತೊಡಿಸುತ್ತಿರುವಾಗ ಅವು ಕಿವಿ ಗಡಚಿಕ್ಕುವಂತೆ ಅರಚುತ್ತ, ನೆಗೆಯುತ್ತ ಹಗ್ಗ ಜಗ್ಗುತ್ತವೆ. ಗಂಟು ಬಿಚ್ಚಿ ಬಂಡಿ ಜಾರಿತೆಂದರೆ ಗದ್ದಲವೆಲ್ಲ ಅಡಗಿ, ಏದುಸಿರು ಮತ್ತು ಪಂಜದ ಸಪ್ಪಳವಷ್ಟೇ ಕೇಳಿಸುತ್ತದೆ. ದೀರ್ಘ ಪಂದ್ಯಗಳಲ್ಲಿ ನಾಯಿಗಳು ಸತ್ತದ್ದುಂಟು. ಆ ಕುರಿತ ಟೀಕೆಯನ್ನು ನಾನು ಅಲ್ಲಗಳೆಯುವುದಿಲ್ಲ.

ನಾನು ಕಲಿತದ್ದು ಬಿಟ್ಟುಕೊಡುವುದನ್ನು. ಈ ಬಂಡಿಗೆ ಲಗಾಮಿಲ್ಲ. ಬಲಕ್ಕೆ ತಿರುಗಲು 'ಜೀ', ಎಡಕ್ಕೆ 'ಹಾ' ಎಂದು ಹಿಂದಿನಿಂದ ಕೂಗಬಹುದು, ಅಷ್ಟೇ. ಆ ಕೂಗನ್ನು ಪಾಲಿಸಬೇಕೋ ಬೇಡವೋ ಎಂಬುದು ಕೊನೆಗೆ ಸಾಲಿನ ಮುಂದಿರುವ ನಾಯಿಗೆ ಬಿಟ್ಟದ್ದು. ಹೆಪ್ಪುಗಟ್ಟಿದ ನದಿಯ ಮೇಲೆ ಅದು ತಟ್ಟನೆ ನಿಂತು, ಎಷ್ಟು ಕೂಗಿದರೂ ಹೆಜ್ಜೆ ಎತ್ತಿಡದೆ ಪಕ್ಕಕ್ಕೆ ಸರಿಯತೊಡಗಿದರೆ, ಹಿಮದ ಅಡಿಯಲ್ಲಿ ನೀರು ಹರಿಯುತ್ತಿದೆಯೆಂದೋ ಮಂಜುಗಡ್ಡೆ ತೆಳುವಾಗಿದೆಯೆಂದೋ ಭಾವಿಸಬೇಕು. ಹೇಳಿದ್ದನ್ನೆಲ್ಲ ಕೇಳುವ ನಾಯಿ ಅಲ್ಲಿ ಉಪಯೋಗಕ್ಕೆ ಬಾರದು. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಹಬ್ಬಿದಾಗ, ನೆನಾನಾ ಎಂಬ ಊರಿನಿಂದ ಸುಮಾರು 1,085 ಕಿಲೋಮೀಟರ್ ದೂರಕ್ಕೆ 20 ಮಂದಿ ನಾಯಿಬಂಡಿಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಔಷಧವನ್ನು ಆರು ದಿನದೊಳಗೆ ಮುಟ್ಟಿಸಿದರು. ಕೊನೆಯ ಹಂತದಲ್ಲಿ ಗುನ್ನಾರ್ ಕಾಸನ್‌ಗೆ ಹಿಮಬಿರುಗಾಳಿಯಲ್ಲಿ ತನ್ನ ನಾಯಿಗಳೇ ಕಾಣದಾದಾಗ, ದಾರಿ ಹಿಡಿದು ನಡೆಸಿದ್ದು ಸಾಲಿನ ಮುಂದಿದ್ದ ನಾಯಿ ಬಾಲ್ಟೋ. ಆದರೆ ಅತ್ಯಂತ ದೀರ್ಘವಾದ, ಅಪಾಯದ ಹಾದಿಯನ್ನು ಕ್ರಮಿಸಿದ್ದು ಲಿಯೊನಾರ್ಡ್ ಸೆಪ್ಪಾಲಾನ ಟೋಗೋ. ಕೀರ್ತಿ ಮಾತ್ರ ಊರು ಮುಟ್ಟಿದವನ ಪಾಲಾಯಿತು.

ನಾಯಿಗಳಿಗೆ ಬಿಟ್ಟುಕೊಟ್ಟಷ್ಟೇ ಕಾಡಿನ ಪ್ರಾಣಿಗೂ ಬಿಟ್ಟುಕೊಡಬೇಕು. ಅಲ್ಲಿ ನನಗೆ ಕರಡಿಗಿಂತ ಮೂಸ್‌ನ ಭಯವೇ ಹೆಚ್ಚು. ನಮ್ಮ ಕಡವೆಯ ಬಳಗದ್ದೇ ಆದರೂ ಅದಕ್ಕಿಂತ ಬಹಳ ದೊಡ್ಡದಾದ ಈ ಪ್ರಾಣಿ, ಆಳವಾದ ಹಿಮದಲ್ಲಿ ಕಾಲು ಹೂತು ದಣಿದು, ಬಂಡಿಗಳು ತುಳಿದು ಗಟ್ಟಿಮಾಡಿದ ಹಾದಿಗೇ ಬಂದು ನಿಲ್ಲುತ್ತದೆ. ಸಾಲಾಗಿ ಓಡಿಬರುವ ನಾಯಿಗಳು ಅದಕ್ಕೆ ತೋಳಗಳಂತೆ ಕಂಡರೆ ಆಶ್ಚರ್ಯವೇನಿಲ್ಲ. ಕಿವಿ ಹಿಂದಕ್ಕೆ ಮಡಚಿ, ಕತ್ತಿನ ಕೂದಲು ನಿಮಿರಿಸಿತೆಂದರೆ ಕಾಯುವುದೋ ಹಿಂದಿರುಗುವುದೋ ಲೇಸು. ಅಲಾಸ್ಕಾದ ದೀರ್ಘ ನಾಯಿಬಂಡಿ ಪಂದ್ಯವಾದ ಇಡಿಟರಾಡ್‌ನಲ್ಲಿ, 1985ರಲ್ಲಿ, ಸೂಸನ್ ಬುಚರ್ ಅವರ ತಂಡದ ಮೇಲೆರಗಿದ ಮೂಸ್ ಎರಡು ನಾಯಿಗಳನ್ನು ಕೊಂದಿತು. ಅವರು ಪಂದ್ಯದಿಂದ ಹಿಂದೆ ಸರಿದರು, ಮರುವರ್ಷ ಗೆದ್ದರು.

ಆತ್ಮರಕ್ಷಣೆಗೆ ಮೂಸನ್ನು ಕೊಲ್ಲಲೇಬೇಕಾಗಿ ಬಂದರೆ, ಮಾಂಸ ಹಾಳಾಗದಂತೆ ಅದರ ಕರುಳು ತೆಗೆದೇ ಮುಂದೆ ಹೋಗಬೇಕೆಂಬುದು ಆ ಪಂದ್ಯದ ನಿಯಮ. 2024ರಲ್ಲಿ ಆ ಕೆಲಸವನ್ನು ಸರಿಯಾಗಿ ಮಾಡಲಿಲ್ಲವೆಂದು ಸ್ಪರ್ಧಿ ಡಲ್ಲಾಸ್ ಸೀವಿಗೆ ಎರಡು ಗಂಟೆಯ ದಂಡ ಬಿತ್ತು. ಹಿಂದಿನಿಂದ ಬಂದವರೂ ಕರುಳು ತೆಗೆಯಲು ಕೈಜೋಡಿಸಬೇಕು, ಕೆಲಸ ಮುಗಿಯುವ ತನಕ ಯಾರೂ ದಾಟಿಹೋಗುವಂತಿಲ್ಲ.