ಗಿಟಾರಿನ ನಾಬ್ ಎಷ್ಟಕ್ಕೆ ಇಡಬೇಕು?

ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಶುರುಮಾಡಿದವರು ಪದೇ ಪದೇ ಕೇಳುವ ಪ್ರಶ್ನೆ ಇದು: “ಗಿಟಾರಿನ ಮೇಲಿರುವ ವಾಲ್ಯೂಮ್, ಟೋನ್ ನಾಬ್‌ಗಳನ್ನು ಎಷ್ಟಕ್ಕೆ ಇಡಬೇಕು? ನಾನು ಎಲ್ಲವನ್ನೂ 10ಕ್ಕೆ ತಿರುಗಿಸಿಟ್ಟು, ಏನಿದ್ದರೂ ಆಂಪ್‌ನಲ್ಲೇ, ಅಂದರೆ ಆಂಪ್ಲಿಫೈಯರ್‌ನಲ್ಲೇ, ಸರಿಮಾಡಿಕೊಳ್ಳುತ್ತೇನೆ. ಅದು ತಪ್ಪಾ?” ಅದರ ಬೆನ್ನಿಗೇ ಇನ್ನೊಂದು: “ವಾಲ್ಯೂಮ್ ಸ್ವಲ್ಪ ಇಳಿಸಿದರೂ ಸದ್ದು ಮೂಗು ಕಟ್ಟಿದವರ ದನಿಯ ಹಾಗೆ ಮಂಕಾಗುತ್ತದೆ. ಗಿಟಾರ್ ಕೆಟ್ಟಿದೆಯಾ?”

ಗಿಟಾರ್ ಕೆಟ್ಟಿಲ್ಲ. 10ಕ್ಕೆ ಇಡುವುದು ತಪ್ಪೂ ಅಲ್ಲ. ಆದರೆ ಮೊದಲೇ 10ಕ್ಕೆ ಹೋಗಿ ಕೂತರೆ ಮೇಲೆ ಹೋಗಲು ಜಾಗ ಇರುವುದಿಲ್ಲ, ಸೋಲೋ ಬಂದಾಗ ಪೆಡಲ್ ತುಳಿಯದೆ ಗತಿ ಇರುವುದಿಲ್ಲ. ಆದ್ದರಿಂದ ನಮ್ಮ ಉತ್ತರ: ವಾಲ್ಯೂಮನ್ನು 7ಕ್ಕೆ ಇಟ್ಟು ಆಂಪ್ ಹೊಂದಿಸಿ. ಇದು ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಉಳಿದದ್ದನ್ನು ನಿಮ್ಮ ಕಿವಿಯೇ ಹೇಳಿಕೊಡುತ್ತದೆ.

ಆಂಪ್‌ನ ಮಾಸ್ಟರ್ ವಾಲ್ಯೂಮ್ ಮಾಡುವ ಕೆಲಸ ಬೇರೆ, ಗಿಟಾರಿನ ವಾಲ್ಯೂಮ್ ಮಾಡುವ ಕೆಲಸ ಬೇರೆ. ಆಂಪ್ ಪೂರ್ತಿ ಕ್ಲೀನ್ ಇದ್ದಾಗ ಗಿಟಾರಿನ ನಾಬ್ ಇಳಿಸಿದರೆ ಸದ್ದು ಕಡಿಮೆಯಾಗುತ್ತದೆ, ಅಷ್ಟೆ. ಆಂಪ್ ಒಡೆಯುತ್ತಿರುವಾಗ, ಅಂದರೆ ಡ್ರೈವ್ ಆಗುತ್ತಿರುವಾಗ, ಕಥೆ ಬೇರೆ. ಗಿಟಾರಿನಿಂದ ಬರುವ ಸಿಗ್ನಲ್ ಆಗಲೇ ಪ್ರೀಆಂಪ್‌ನ, ಅಂದರೆ ಆಂಪ್‌ನ ಮೊದಲ ಹಂತದ, ಮಿತಿಗೆ ಬಡಿದು ಚಪ್ಪಟೆಯಾಗುತ್ತಿರುತ್ತದೆ. ಅದನ್ನು ಸ್ವಲ್ಪ ತಗ್ಗಿಸಿದರೂ ಅದು ಆ ಮಿತಿಯನ್ನು ಮುಟ್ಟುತ್ತಲೇ ಇರುತ್ತದೆ. ಹಾಗಾಗಿ ಸದ್ದಿನ ಮಟ್ಟ ಹೆಚ್ಚು ಇಳಿಯುವುದಿಲ್ಲ, ಇಳಿಯುವುದು ಕೊಳೆ, ಅಂದರೆ ಡಿಸ್ಟಾರ್ಷನ್. ಡ್ರೈವ್ ಆಗುತ್ತಿರುವ ಆಂಪ್‌ಗೆ ಗಿಟಾರಿನ ವಾಲ್ಯೂಮ್ ನಾಬ್ ನಿಜದಲ್ಲಿ ಒಂದು ಗೇನ್ ನಾಬ್, ಅಂದರೆ ಡ್ರೈವ್ ಎಷ್ಟಿರಬೇಕೆಂದು ಹೊಂದಿಸುವ ನಾಬ್.

ಹೊಂದಿಸುವ ಕ್ರಮ ಹೀಗೆ. ಗಿಟಾರಿನ ವಾಲ್ಯೂಮ್ ಮತ್ತು ಟೋನ್ ಎರಡನ್ನೂ 10ಕ್ಕೆ ತನ್ನಿ. ಸೋಲೋಗೆ ಎಷ್ಟು ಡ್ರೈವ್ ಬೇಕೋ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗುವವರೆಗೆ ಆಂಪ್‌ನ ಗೇನ್ ಏರಿಸಿ. ಈಗ ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿ, ಅಲ್ಲೇ ನಿಂತು ಆಂಪ್‌ನ ಟ್ರೆಬಲ್, ಮಿಡ್, ಬೇಸ್ ಹೊಂದಿಸಿ. ಎಲ್ಲರೂ ತಪ್ಪುವುದು ಇಲ್ಲೇ: 10ರಲ್ಲಿ ಟ್ರೆಬಲ್ ಹೊಂದಿಸಿ, ಆಮೇಲೆ 7ಕ್ಕೆ ಇಳಿಸಿ, ಮಂಕಾಯಿತು ಎಂದು ಮತ್ತೆ 10ಕ್ಕೆ ಓಡುತ್ತಾರೆ. 7ರಲ್ಲೇ ಹೊಂದಿಸಿದರೆ ಅದು ನಿಮ್ಮ ದಿನಬಳಕೆಯ ರಿದಮ್ ಸದ್ದಾಗುತ್ತದೆ. 10 ಸೋಲೋಗೆ, 4–5 ಬಿಡಿಬಿಡಿಯಾಗಿ ನುಡಿಸುವ ಕ್ಲೀನ್ ಕಾರ್ಡ್‌ಗಳಿಗೆ. 10ರಲ್ಲಿ ಟ್ರೆಬಲ್ ಚುಚ್ಚಿದರೆ ಆಂಪ್ ಮುಟ್ಟಬೇಡಿ, ಗಿಟಾರಿನ ಟೋನನ್ನು 7–8ಕ್ಕೆ ತನ್ನಿ.

ಒಂದು ಡಿ ಕಾರ್ಡ್ ಹಿಡಿದು, ಒಂದೇ ಬಲದಲ್ಲಿ ಮೀಟುತ್ತಾ ನಾಬನ್ನು 10ರಿಂದ ನಿಧಾನವಾಗಿ ಇಳಿಸಿ ನೋಡಿ. ಮೊದಲು ಕಲಸುಮೇಲೋಗರದ ಹಾಗಿದ್ದ ಸದ್ದು 8ರ ಹತ್ತಿರ ಬಿಡಿಸಿಕೊಳ್ಳುತ್ತದೆ. 6ರ ಹತ್ತಿರ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳುತ್ತದೆ. ಅದಕ್ಕೂ ಕೆಳಗೆ ಬೆರಳಿನ ಬಲಕ್ಕೆ ತಕ್ಕ ಹಾಗೆ ಮಾತ್ರ ಒಡೆಯುತ್ತದೆ: ಮೆಲ್ಲಗೆ ಮೀಟಿದರೆ ಕ್ಲೀನ್, ಜೋರಾಗಿ ಬಾರಿಸಿದರೆ ಅಂಚಿನಲ್ಲಿ ಸ್ವಲ್ಪ ಕೊಳೆ. ಗಿಟಾರಿನ ನಾಬ್ ಬಳಸುವವರು ಹುಡುಕುವುದು ಈ ಜಾಗವನ್ನೇ.

ನಿಮ್ಮ ಗಿಟಾರಿನಲ್ಲಿ ಈ ಅಂಕಿಗಳು ಬೇರೆಯಾಗಬಹುದು. ನಾಬ್‌ನ ಕೆಳಗಿರುವ ಪೊಟೆನ್ಷಿಯೋಮೀಟರಿನಲ್ಲಿ, ಎಲ್ಲರೂ ಪಾಟ್ ಎನ್ನುವ ಆ ಪುಟ್ಟ ಡಬ್ಬಿಯಲ್ಲಿ, ಎರಡು ಬಗೆ ಇದೆ. ಬೆನ್ನಿನ ಮೇಲೆ ಎ500ಕೆ (500ಕೆ ಎಂದರೆ 500 ಕಿಲೋ ಓಮ್) ಎಂದಿದ್ದರೆ ಆಡಿಯೋ ಟೇಪರ್. ಅರ್ಧ ತಿರುಗಿಸಿದಾಗ ಅದು ಸಿಗ್ನಲ್‌ನ ಸುಮಾರು 10–15 ಶೇಕಡಾ ಮಾತ್ರ ಬಿಡುತ್ತದೆ, ಅಂದರೆ 16–20 ಡೆಸಿಬೆಲ್ ಇಳಿತ. ಬಿ500ಕೆ ಎಂದಿದ್ದರೆ ಲೀನಿಯರ್. ಅರ್ಧಕ್ಕೆ ಅರ್ಧ, 6 ಡೆಸಿಬೆಲ್ ಅಷ್ಟೇ. ಕ್ಲೀನ್ ನುಡಿಸುವವರಿಗೆ ಬಿ ಪಾಟ್‌ನಲ್ಲಿ 10ರಿಂದ 4ರವರೆಗೆ ಏನೂ ಆಗದೆ ಆಮೇಲೆ ಒಮ್ಮೆಲೇ ಸದ್ದು ಬಿದ್ದುಹೋದ ಹಾಗೆ ಅನಿಸುತ್ತದೆ. ಡ್ರೈವ್‌ನಲ್ಲಿ ನುಡಿಸುವ ಕೆಲವರು ಮಾತ್ರ ಅದನ್ನೇ ಬಯಸುತ್ತಾರೆ, ಕೊಳೆಯನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ತೆಗೆಯಬಹುದು ಎಂದು. ಟೋನ್‌ಗೆ ಎ ಪಾಟೇ ಇರಲಿ. ಬಿ ಹಾಕಿದರೆ ಅದರ ಆಟವೆಲ್ಲ ಕೊನೆಯ ಎರಡು ಅಂಕಿಯೊಳಗೇ ಮುಗಿದುಹೋಗುತ್ತದೆ.

ಇನ್ನು ಮಂಕಾಗುವ ವಿಚಾರ. ಇದಕ್ಕೆ ನಿಜವಾದ ಕಾರಣ ನಿಮ್ಮ ಕೇಬಲ್. ಗಿಟಾರ್ ಕೇಬಲ್ ಒಂದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ, ಹೊತ್ತಿರುತ್ತದೆ. 5 ಮೀಟರ್ ಕೇಬಲ್ ಎಂದರೆ 500. ವಾಲ್ಯೂಮ್ 10ರಲ್ಲಿದ್ದಾಗ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಮತ್ತು ಕೇಬಲ್ ನಡುವೆ ಯಾವ ಅಡ್ಡಿಯೂ ಇಲ್ಲ. ಇಳಿಸಿದಾಗ ಪಾಟ್‌ನ ಒಂದು ಪಾಲು ರೆಸಿಸ್ಟನ್ಸ್ ಆ ನಡುವೆ ಬಂದು ಕೂರುತ್ತದೆ. ಆ ರೆಸಿಸ್ಟನ್ಸ್, ಈ ಕೆಪಾಸಿಟನ್ಸ್ ಎರಡೂ ಸೇರಿದರೆ ಅಲ್ಲೊಂದು ಟ್ರೆಬಲ್ ನುಂಗುವ ಫಿಲ್ಟರ್ ತಾನಾಗಿಯೇ ತಯಾರು. 500ಕೆ ಪಾಟ್‌ನಲ್ಲಿ ಕೇಬಲ್‌ಗೆ ಎದುರಾಗುವ ಒಟ್ಟು ರೆಸಿಸ್ಟನ್ಸ್‌ನ ಪರಮಾವಧಿ ಸುಮಾರು 125 ಕಿಲೋ ಓಮ್. 500 ಪಿಕೋಫ್ಯಾರಡ್ ಜೊತೆ ಲೆಕ್ಕ ಹಾಕಿದರೆ ಸುಮಾರು 2,500 ಹರ್ಟ್ಸ್‌ನಿಂದಲೇ ಟ್ರೆಬಲ್ ಇಳಿಯಲು ಶುರು. 250ಕೆ ಪಾಟ್‌ನಲ್ಲಿ ಇದು ಸುಮಾರು 5,000 ಹರ್ಟ್ಸ್. ಹಂಬಕರ್ (ಎರಡು ಸುರುಳಿಯ ಪಿಕಪ್) ಗಿಟಾರ್‌ಗಳಿಗೆ ಸಾಮಾನ್ಯವಾಗಿ 500ಕೆ, ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) 250ಕೆ ಹಾಕುವುದರಿಂದ, ಹಂಬಕರ್ ಇರುವ ಲೆಸ್ ಪಾಲ್ ಬಗೆಯ ಗಿಟಾರ್ ಇದರಲ್ಲಿ ಸಿಂಗಲ್ ಕಾಯಿಲ್‌ನ ಸ್ಟ್ರಾಟ್‌ಗಿಂತ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಹೆಚ್ಚು ಮಂಕಾಗುತ್ತದೆ.

ಹಾಗಾದರೆ ಮೊದಲು ಮಾಡಬೇಕಾದದ್ದು ಬೆಸುಗೆ ಅಲ್ಲ, ಕೇಬಲ್ ಚಿಕ್ಕದು ಮಾಡುವುದು. ಮನೆಯಲ್ಲಿ 10 ಮೀಟರ್ ಕೇಬಲ್ ಸುರುಳಿ ಸುತ್ತಿಟ್ಟು ನುಡಿಸುವವರು 3 ಮೀಟರಿನದಕ್ಕೆ ಬದಲಾಯಿಸಿದರೆ ಅರ್ಧ ಕಾಯಿಲೆ ವಾಸಿ. ಅಷ್ಟಕ್ಕೂ ಸಾಲದಿದ್ದರೆ ಎರಡು ದಾರಿ ಇವೆ.

ಮೊದಲನೆಯದು ಟ್ರೆಬಲ್ ಬ್ಲೀಡ್. ವಾಲ್ಯೂಮ್ ಪಾಟ್‌ಗೆ ಮೂರು ಕಾಲುಗಳು: ಪಿಕಪ್ ಬಂದು ಸೇರುವುದು ಒಂದು, ನಡುವಿನದು ಹೊರಗೆ ಹೋಗುವುದು, ಮೂರನೆಯದು ಗ್ರೌಂಡ್. ಮೊದಲನೆಯದಕ್ಕೂ ನಡುವಿನದಕ್ಕೂ ಅಡ್ಡಲಾಗಿ 680 ಪಿಕೋಫ್ಯಾರಡ್ ಕೆಪಾಸಿಟರ್ ಒಂದು, ಅದಕ್ಕೆ ಸಮಾನಾಂತರವಾಗಿ 150 ಕಿಲೋ ಓಮ್ ರೆಸಿಸ್ಟರ್ ಒಂದು ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಬಿಡಿಭಾಗ ಕೊಳ್ಳುವುದಾದರೆ, ಕೆಪಾಸಿಟರ್ ಮೇಲೆ 681 ಎಂದು ಬರೆದಿರುತ್ತದೆ. ರೆಸಿಸ್ಟರ್‌ಗೆ ಕಂದು, ಹಸಿರು, ಹಳದಿ ಪಟ್ಟಿ. ಬರೀ ಕೆಪಾಸಿಟರ್ ಹಾಕಿ ರೆಸಿಸ್ಟರ್ ಬಿಟ್ಟರೆ 3ಕ್ಕಿಂತ ಕೆಳಗೆ ಸದ್ದು ತಗಡು ಬಡಿದ ಹಾಗೆ ತೆಳುವಾಗುತ್ತದೆ, ಏಕೆಂದರೆ ಟ್ರೆಬಲ್ ಮಾತ್ರ ನುಸುಳಿ ಬಂದು ಉಳಿದದ್ದೆಲ್ಲ ಹಿಂದೆ ಉಳಿಯುತ್ತದೆ. ರೆಸಿಸ್ಟರ್ ಹಾಕಿದರೆ ನಾಬ್ ಇಳಿಯುವ ರೀತಿ ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಕೈ ಒಗ್ಗಿಕೊಳ್ಳುತ್ತದೆ.

ಎರಡನೆಯದಕ್ಕೆ ಬಿಡಿಭಾಗವೇ ಬೇಡ, ಒಂದು ತಂತಿ ಸ್ಥಳಾಂತರಿಸಿದರೆ ಸಾಕು. ಟೋನ್‌ಗೆ ಹೋಗುವ ತಂತಿ ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿನಲ್ಲಿದ್ದರೆ ಅದನ್ನು ನಡುವಿನ ಕಾಲಿಗೆ ಬದಲಾಯಿಸಿ. ಲೆಸ್ ಪಾಲ್ ತಯಾರಿಸುವ ಗಿಬ್ಸನ್ ಕಂಪನಿ 1950ರ ದಶಕದಲ್ಲಿ ಹೀಗೇ ಜೋಡಿಸುತ್ತಿದ್ದರಿಂದ ಇದನ್ನು ಫಿಫ್ಟೀಸ್ ವೈರಿಂಗ್ ಅನ್ನುತ್ತಾರೆ. ವಾಲ್ಯೂಮ್ ಇಳಿಸಿದಾಗ ಹೊಳಪು ಹೆಚ್ಚು ಉಳಿಯುತ್ತದೆ. ಪ್ರತಿಯಾಗಿ ಎರಡು ನಾಬ್‌ಗಳಿಗೂ ನಂಟು ಬೆಳೆಯುತ್ತದೆ. ವಾಲ್ಯೂಮ್ ಇಳಿಸಿರುವಾಗ ಟೋನನ್ನೂ ಸೊನ್ನೆಯ ಹತ್ತಿರ ತಂದರೆ ಸದ್ದು ಇನ್ನಷ್ಟು ಕುಗ್ಗುತ್ತದೆ. ಲೆಸ್ ಪಾಲ್ ಬಗೆಯ ಗಿಟಾರಿಗೆ ಮೊದಲು ಇದನ್ನೇ ಮಾಡಿ ನೋಡಿ ಎನ್ನುವುದು ನಮ್ಮ ಸಲಹೆ.

ಟೋನ್ ನಾಬಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಅದು ಟ್ರೆಬಲ್ ಸೇರಿಸುವುದಿಲ್ಲ, ತೆಗೆಯುತ್ತದೆ ಅಷ್ಟೇ ಎಂಬ ಮಾತು ನಿಜ, ಆದರೆ ಅದು ತೆಗೆಯುವ ರೀತಿಯಲ್ಲಿ ಸ್ವಾರಸ್ಯವಿದೆ. ಪಿಕಪ್ ಎಂದರೆ ಸಾವಿರಾರು ಸುತ್ತಿನ ತಂತಿಯ ಸುರುಳಿ. ಸಿಂಗಲ್ ಕಾಯಿಲ್‌ನ ಇಂಡಕ್ಟನ್ಸ್ 2.5 ಹೆನ್ರಿ ಎಂದಿಟ್ಟುಕೊಳ್ಳಿ. ಅದು ಕೇಬಲ್‌ನ 500 ಪಿಕೋಫ್ಯಾರಡ್ ಜೊತೆ ಸೇರಿ ಸುಮಾರು 4,500 ಹರ್ಟ್ಸ್‌ನಲ್ಲಿ ಒಂದು ಶಿಖರ ಎಬ್ಬಿಸುತ್ತದೆ. ಸ್ಟ್ರಾಟ್‌ನ ಗಾಜಿನಂಥ ಹೊಳಪು ಎನ್ನುತ್ತೇವಲ್ಲ, ಅದು ಈ ಶಿಖರವೇ. ಟೋನನ್ನು 10ರಿಂದ 5ರವರೆಗೆ ಇಳಿಸುವಾಗ ಈ ಶಿಖರದ ತಲೆ ಮಾತ್ರ ಸವೆಯುತ್ತದೆ, ಸ್ವರ ದುಂಡಗಾಗುತ್ತದೆ. ಇನ್ನೂ ಕೆಳಗೆ ಹೋದಂತೆ ಟ್ರೆಬಲ್ ನಿಜವಾಗಿ ಇಳಿಯುತ್ತದೆ. ಪೂರ್ತಿ 0ಗೆ ತಂದಾಗ ಟೋನ್ ಕೆಪಾಸಿಟರ್ ನೇರವಾಗಿ ಪಿಕಪ್‌ಗೆ ಜೋಡಿಯಾಗಿ, ಶಿಖರ ಮತ್ತೆ ಎದ್ದು ನಿಲ್ಲುತ್ತದೆ, ಆದರೆ ಎಷ್ಟೋ ಕೆಳಗೆ: 22 ನ್ಯಾನೋಫ್ಯಾರಡ್ ಇದ್ದರೆ ಸುಮಾರು 680 ಹರ್ಟ್ಸ್‌ನಲ್ಲಿ, ಹಂಬಕರ್ ಆದರೆ 500ರ ಆಸುಪಾಸಿನಲ್ಲಿ. ಹಾಗಾಗಿ 0 ಎಂದರೆ ಬರೀ ಮಂಕಲ್ಲ, ಅದಕ್ಕೊಂದು ಮೂಗಿನ ದನಿ ಇದೆ. 1960ರ ದಶಕದ ಕೊನೆಯಲ್ಲಿ ಎರಿಕ್ ಕ್ಲಾಪ್ಟನ್ ಗಿಬ್ಸನ್ ಗಿಟಾರಿನ ಟೋನನ್ನು ಪೂರ್ತಿ ಇಳಿಸಿ, ಜೋರಾಗಿ ಒಡೆಯುವ ಮಾರ್ಷಲ್ ಆಂಪ್‌ಗೆ ಕೊಟ್ಟು ತೆಗೆದ “ವುಮನ್ ಟೋನ್” ಇದೇ. ಕ್ಲೀನ್ ಆಂಪ್‌ನಲ್ಲಿ ಸತ್ತಂತೆ ಕೇಳುವ ಈ ಸದ್ದು ಡ್ರೈವ್ ಸೇರಿದಾಗ ಹಾಡುತ್ತದೆ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಟೋನ್ ಕೆಪಾಸಿಟರ್ 22 ನ್ಯಾನೋಫ್ಯಾರಡ್ ಹಾಕಲೋ 47 ಹಾಕಲೋ ಎಂಬ ಚರ್ಚೆಗೆ ಅರ್ಥವಿರುವುದು ನಾಬ್‌ನ ಕೆಳಭಾಗದಲ್ಲಿ ಮಾತ್ರ. 10ರಲ್ಲಿ ಎರಡಕ್ಕೂ ವ್ಯತ್ಯಾಸ ಕೇಳಿಸುವುದಿಲ್ಲ. ಎಣ್ಣೆ-ಕಾಗದದ ದುಬಾರಿ ಕೆಪಾಸಿಟರ್‌ಗಳಿಗೆ ದುಡ್ಡು ಸುರಿಯಬೇಡಿ. 223 ಎಂದು ಬರೆದ ಸಾಧಾರಣ ಪಾಲಿಯೆಸ್ಟರ್ ಕೆಪಾಸಿಟರ್ ಅದೇ ಕೆಲಸ ಮಾಡುತ್ತದೆ.

ಬಳಕೆಯಲ್ಲಿ ಟೋನ್ ಹೀಗಿರಲಿ: ಬ್ರಿಜ್ ಪಿಕಪ್ (ತಂತಿಗಳು ಕೂರುವ ಸೇತುವೆಯ ಬಳಿ ಇರುವುದು) ಕಿವಿ ಇರಿದರೆ 6–7. ನೆಕ್ ಪಿಕಪ್‌ನಲ್ಲಿ (ಗಿಟಾರಿನ ಕತ್ತಿನ ಬಳಿಯದು) ಜಾಜ್ ಕಾರ್ಡ್‌ಗಳಿಗೆ 3–4. ಬ್ಯಾಂಡ್‌ನಲ್ಲಿ ಇನ್ನೊಂದು ಗಿಟಾರ್ ಇದ್ದರೆ ಇಬ್ಬರೂ 10ರಲ್ಲಿ ನಿಂತು ಗುದ್ದಾಡುವ ಬದಲು ಒಬ್ಬರು 5ಕ್ಕೆ ಬಂದರೆ ಹಾಡುವವರ ದನಿಗೂ ಜಾಗ ಸಿಗುತ್ತದೆ.

ಸ್ಟ್ರಾಟ್ ಇರುವವರು ಗಮನಿಸಿ: 1954ರ ಮೂಲ ವಿನ್ಯಾಸದಲ್ಲಿ ಒಂದು ವಾಲ್ಯೂಮ್, ಎರಡು ಟೋನ್; ಆ ಟೋನ್‌ಗಳು ನೆಕ್ ಮತ್ತು ನಡುವಿನ ಪಿಕಪ್‌ಗಳಿಗೆ. ಎಲ್ಲಕ್ಕಿಂತ ತೀಕ್ಷ್ಣವಾದ ಬ್ರಿಜ್ ಪಿಕಪ್‌ಗೆ ಟೋನೇ ಇಲ್ಲ! ಇಂದಿಗೂ ಅನೇಕ ಗಿಟಾರ್‌ಗಳು ಹಾಗೇ ಬರುತ್ತವೆ. ಸ್ವಿಚ್‌ನಲ್ಲಿ ನಡುವಿನ ಪಿಕಪ್‌ನ ಟೋನ್ ಕಾಲಿನಿಂದ ಪಕ್ಕದ ಖಾಲಿ ಬ್ರಿಜ್ ಕಾಲಿಗೆ ಒಂದಿಂಚಿನ ತಂತಿ ಬೆಸೆದರೆ ಎರಡನೆಯ ಟೋನ್ ಬ್ರಿಜ್‌ಗೂ ಕೆಲಸ ಮಾಡುತ್ತದೆ.

ಲೆಸ್ ಪಾಲ್‌ನಲ್ಲಿ ಎರಡು ವಾಲ್ಯೂಮ್, ಎರಡು ಟೋನ್. ಸ್ವಿಚ್ ನಡುವೆ ಇಟ್ಟು ಒಂದು ವಾಲ್ಯೂಮನ್ನು 0ಗೆ ತಂದರೆ ಇಡೀ ಗಿಟಾರ್ ಮೂಕವಾಗುತ್ತದೆ. ಇದು ದೋಷವಲ್ಲ, ಆ ಜೋಡಣೆಯ ಗುಣ. ಎರಡೂ 10ರಲ್ಲಿದ್ದಾಗ ನೆಕ್ಕಿನದನ್ನು 8ಕ್ಕೆ ಇಳಿಸಿ ನೋಡಿ, ಗದ್ದಲ ಕರಗಿ ಕಾರ್ಡ್ ಸ್ಫುಟವಾಗುತ್ತದೆ.

ವಾಲ್ಯೂಮನ್ನು ನುಡಿಸುತ್ತಲೇ ತಿರುಗಿಸುವುದಕ್ಕೆ ಸ್ಟ್ರಾಟ್ ಹೇಳಿ ಮಾಡಿಸಿದ್ದು, ನಾಬ್ ಬಲಗೈ ಕಿರುಬೆರಳಿನ ಕೆಳಗೇ ಇದೆ. ಕಿರುಬೆರಳ ತುದಿಯ ಒಳಮೈಯನ್ನು ನಾಬ್‌ನ ಅಂಚಿಗೆ ತಾಗಿಸಿ, 0ಯಲ್ಲಿ ತಂತಿ ಮೀಟಿ, ಆಮೇಲೆ ನಾಬನ್ನು ಹೊರಳಿಸಿ. ಮೀಟಿದ ಟಕ್ ಎಂಬ ಸದ್ದು ಇಲ್ಲದೆ, ಪಿಟೀಲಿನ ಕಮಾನು ಎಳೆದಂತೆ ಸ್ವರ ಅರಳುತ್ತದೆ. ಜೆಫ್ ಬೆಕ್ ಸ್ಟ್ರಾಟ್‌ನಲ್ಲಿ, ರಾಯ್ ಬುಕಾನನ್ ಟೆಲಿಕಾಸ್ಟರ್‌ನಲ್ಲಿ ಇದನ್ನು ಕಲೆಯ ಮಟ್ಟಕ್ಕೆ ಒಯ್ದರು.

ಇವೆಲ್ಲ ಮಾಡಿಯೂ ನಾಬ್ ಕೆಲಸ ಮಾಡುತ್ತಿಲ್ಲ ಎನಿಸಿದರೆ ಗಿಟಾರಿನ ಆಚೆ ನೋಡಿ. ಫಝ್ ಪೆಡಲ್ (ಸದ್ದನ್ನು ಒರಟಾಗಿ ಒಡೆಯುವ ಪೆಡಲ್) ಇದ್ದರೆ ಅದು ಗಿಟಾರಿಗೆ ನೇರವಾಗಿ, ಸಾಲಿನಲ್ಲಿ ಮೊದಲನೆಯದಾಗಿ ಇರಬೇಕು. ನಡುವೆ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ, ವಾಲ್ಯೂಮ್ ಇಳಿಸಿದಾಗ ತಿಳಿಯಾಗುವ ಅದರ ಗುಣವೇ ಹೋಗುತ್ತದೆ. ಕಂಪ್ಯೂಟರಿಗೆ ಇಂಟರ್‌ಫೇಸ್ ಮೂಲಕ ನುಡಿಸುವವರು ಲೈನ್ ಬದಲು ಇನ್‌ಸ್ಟ್ರುಮೆಂಟ್ ಎಂದಿರುವ ಇನ್‌ಪುಟ್ ಆರಿಸಬೇಕು. ಲೈನ್ ಇನ್‌ಪುಟ್ ಪಿಕಪ್ ಮೇಲೆ ಭಾರ ಹೇರಿ ಸದ್ದನ್ನು ಮೊದಲೇ ಮಂಕು ಮಾಡಿರುತ್ತದೆ. ನಾಯ್ಸ್ ಗೇಟ್ (ಒಂದು ಮಟ್ಟಕ್ಕಿಂತ ಇಳಿದ ಸದ್ದನ್ನು ಕಡಿದುಹಾಕುವ ಸಾಧನ) ಹಾಕಿದ್ದರೆ, ವಾಲ್ಯೂಮ್ ಇಳಿಸಿದಾಗ ಸ್ವರ ಅರ್ಧಕ್ಕೇ ಕಡಿದುಹೋಗುತ್ತದೆ, ಆ ಮಟ್ಟವನ್ನು, ಅಂದರೆ ಥ್ರೆಶೋಲ್ಡ್, ಇಳಿಸಿ. ಬ್ಯಾಟರಿ ಇರುವ ಆ್ಯಕ್ಟಿವ್ ಪಿಕಪ್‌ಗಳಿಗೆ ಮೇಲಿನ ಟ್ರೆಬಲ್ ಬ್ಲೀಡ್ ಪುರಾಣ ಯಾವುದೂ ಬೇಡ, ಅವಕ್ಕೆ ಪಾಟೇ 25ಕೆ.

ತಿರುಗಿಸಿದಾಗ ಕರಕರ ಎಂದರೆ ಪಾಟ್‌ನೊಳಗೆ ಧೂಳು ಅಥವಾ ತುಕ್ಕು. ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಬರುತ್ತದೆ. ಕಾಲುಗಳ ಮೇಲಿನ ಸೀಳಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಬಿಟ್ಟು 30 ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳನ್ನು ಹಿಡಿದು ಕೂರಿಸುತ್ತದೆ. ನಾಬ್ ಜೊತೆ ಇಡೀ ಪಾಟೇ ತಿರುಗುತ್ತಿದ್ದರೆ ಕೂಡಲೇ ನಿಲ್ಲಿಸಿ ನಟ್ ಬಿಗಿ ಮಾಡಿ, ಇಲ್ಲದಿದ್ದರೆ ಒಳಗಿನ ತಂತಿ ತಿರುಚಿ ಕಿತ್ತುಬರುತ್ತದೆ. ಹೊಸ ಪಾಟ್ ಕೊಳ್ಳುವಾಗ ಮಲ್ಟಿಮೀಟರ್‌ನಲ್ಲಿ ಹೊರಗಿನ ಎರಡು ಕಾಲು ಅಳೆಯಿರಿ. ಗಿಟಾರಿನಲ್ಲೇ ಇರುವಾಗ ಅಳೆದರೆ ಪಿಕಪ್ಪಿನ 7–8 ಕಿಲೋ ಓಮ್ ತೋರಿಸಿ ದಾರಿ ತಪ್ಪಿಸುತ್ತದೆ. ಪಾಟ್‌ಗಳಲ್ಲಿ 20 ಶೇಕಡಾ ಹೆಚ್ಚುಕಡಿಮೆ ಸಾಮಾನ್ಯ, 500 ಎಂದು ಬರೆದದ್ದು 400 ಇರಬಹುದು, 600 ಇರಬಹುದು. ಆದ್ದರಿಂದ ಸ್ನೇಹಿತರ ಗಿಟಾರಿನ 7 ನಿಮ್ಮ ಗಿಟಾರಿನ 7 ಆಗಿರಬೇಕೆಂದಿಲ್ಲ. ನಿಮ್ಮ ರಿದಮ್ ಸದ್ದು ಸಿಕ್ಕಿದ ಜಾಗದಲ್ಲಿ ನಾಬ್‌ನ ಅಂಚಿಗೆ ಬಿಳಿ ಟೇಪಿನ ಒಂದು ಚೂರು ಅಂಟಿಸಿಡಿ, ವೇದಿಕೆಯ ಮಬ್ಬುಬೆಳಕಿನಲ್ಲಿ ಅಂಕಿ ಕಾಣದಿದ್ದರೂ ಟೇಪು ಕಾಣುತ್ತದೆ.